ಹೆರಿಗೆಗೆ ಯಾವ ಡಾಕ್ಟರ್ ಹತ್ತಿರ ಹೋಗೋಣ?

ಕೇಳುಗರೆಲ್ಲರಿಗೂ ನಮಸ್ಕಾರ.

ಬಸುರಿ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಇಷ್ಟು ವರ್ಷ ನೋಡಿಕೊಂಡು ಬಂದ ಫ್ಯಾಮಿಲಿ ಡಾಕ್ಟರ್ ಹತ್ತಿರವೇ ತೋರಿಸೋಣವೇ, ಇಲ್ಲ ಸೀದಾ ಹೆರಿಗೆ ತಜ್ಞರ ಹತ್ತಿರ ಹೋಗೋಣವೇ? ತಜ್ಞರು ಜಾಸ್ತಿ ಓದಿದವರು, ಅಲ್ಲಿಗೇ ಹೋದರೆ ಕ್ಷೇಮ ಅನ್ನಿಸುವುದು ಸಹಜ. ನನ್ನ ಕೇಳಿದರೆ, ಈ ತಾಯಿಗೆ ಈಗ ಎಂಥ ಆರೈಕೆ ಬೇಕು ಅಂತ ಮೊದಲು ನೋಡಬೇಕು.

ಆರೋಗ್ಯವಾಗಿರುವ ಬಸುರಿಗೆ ಬೇಕಾದದ್ದು ತಪ್ಪದ ತಪಾಸಣೆ. ಕನಿಷ್ಠ 8 ಸಲ ಆಗಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ತೂಕ, ಬಿಪಿ, ರಕ್ತ, ಮೂತ್ರ, ಮಗುವಿನ ಬೆಳವಣಿಗೆ, ಎದೆಬಡಿತ. ಹೆರಿಗೆ ಆರೈಕೆಯಲ್ಲಿ ತರಬೇತಿ ಪಡೆದ ಫ್ಯಾಮಿಲಿ ಡಾಕ್ಟರ್ ಇದನ್ನೆಲ್ಲ ಚೆನ್ನಾಗಿಯೇ ಮಾಡುತ್ತಾರೆ. ಜೊತೆಗೆ, ಆಕೆಯ ಹಳೆಯ ಕಥೆಯೆಲ್ಲ ಅವರಿಗೆ ಗೊತ್ತಿರುತ್ತದೆ.

ಅದರಿಂದ ಏನು ಲಾಭ ಅಂತೀರಾ? ಏಳನೇ ತಿಂಗಳಲ್ಲಿ ಒಬ್ಬಾಕೆಯ ಬಿಪಿ 136/86 ಬಂತು ಅನ್ನಿ. ಬಸುರಿಯರಲ್ಲಿ ಬಿಪಿ ಜಾಸ್ತಿ ಅನ್ನುವುದು 140/90 ಮುಟ್ಟಿದಾಗ. ಹಾಗಾಗಿ ಹೊಸದಾಗಿ ನೋಡಿದವರು ಪರವಾಗಿಲ್ಲ ಅಂತ ಕಳಿಸಿಬಿಡಬಹುದು. ಆಕೆಯ ಬಿಪಿ ಯಾವಾಗಲೂ 100/60ರ ಆಸುಪಾಸು ಅಂತ ಬಲ್ಲ ಡಾಕ್ಟರ್ ಅಷ್ಟಕ್ಕೇ ಬಿಡುವುದಿಲ್ಲ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಅಂತ ಪರೀಕ್ಷೆ ಮಾಡಿಸುತ್ತಾರೆ. ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ಮುಖ ಊದಿದೆಯಾ ಅಂತ ಕೇಳುತ್ತಾರೆ. ಬೇಗನೆ ಮತ್ತೆ ಬರಹೇಳುತ್ತಾರೆ.

ಅದೇ ಬಿಪಿ ಏರುತ್ತಾ ಹೋದರೆ, ಮೂತ್ರದಲ್ಲಿ ಪ್ರೋಟೀನ್ ಕಂಡರೆ, ತಡಮಾಡದೆ ತಜ್ಞರ ಕೈಗೆ ಒಪ್ಪಿಸಬೇಕು. ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ ಆಗಿರುವುದು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇರುವುದು, ದಿನ ತುಂಬುವ ಹೊತ್ತಿಗೂ ಮಗು ತಲೆ ಮೇಲಾಗಿ ಇರುವುದು, ತಾಯಿಗೆ ಹೃದಯದ ಕಾಯಿಲೆ: ಇಂಥವಕ್ಕೆಲ್ಲ ತಜ್ಞರೇ ಬೇಕು. ಅಲ್ಲಿ ಆಪರೇಷನ್ ಥಿಯೇಟರ್, ಅರಿವಳಿಕೆ ಕೊಡುವವರು, ರಕ್ತ ಎಲ್ಲವೂ ಕೈಗೆ ಸಿಗುವಂತಿರಬೇಕು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋಗತೊಡಗಿದರೆ ಒಂದೊಂದು ನಿಮಿಷವೂ ಮುಖ್ಯ. ಎಲ್ಲ ಸರಿಯಾಗಿದ್ದ ತಾಯಿಗೂ ಹೀಗಾಗಬಹುದು. ಅದಕ್ಕೇ ಫ್ಯಾಮಿಲಿ ಡಾಕ್ಟರ್ ಹೆರಿಗೆ ಮಾಡಿಸುವ ಕಡೆಯೂ ತಜ್ಞರ ಬೆಂಬಲ ಇರಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಒಬ್ಬರ ಹತ್ತಿರ ಸಿಸೇರಿಯನ್ ಕಮ್ಮಿ, ಇನ್ನೊಬ್ಬರ ಹತ್ತಿರ ಜಾಸ್ತಿ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಕಷ್ಟದ ಕೇಸುಗಳೆಲ್ಲ ತಜ್ಞರ ಹತ್ತಿರವೇ ಹೋಗುತ್ತವೆ, ಅಲ್ವಾ? ತೊಂದರೆ ಇಲ್ಲದ ಬಸುರಿಯರನ್ನು ತೊಂದರೆ ಇಲ್ಲದವರ ಜೊತೆಗೇ ಹೋಲಿಸಿದರೆ ಮಾತ್ರ ಆ ಲೆಕ್ಕಕ್ಕೆ ಅರ್ಥ.

ಹಾಗಾಗಿ ಮೊದಲ ಭೇಟಿಯಲ್ಲೇ ಸಂಕೋಚ ಬಿಟ್ಟು ಕೇಳಿ: ಹೆರಿಗೆ ನೀವೇ ಮಾಡಿಸ್ತೀರಾ? ಏನಾದರೆ ನನ್ನನ್ನು ತಜ್ಞರ ಹತ್ತಿರ ಕಳಿಸ್ತೀರಿ? ಯಾರ ಹತ್ತಿರ? ಅರ್ಧರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಲಿ? ತಜ್ಞರ ಹತ್ತಿರ ತೋರಿಸುವವರೂ ಕೇಳಿ: ಆ ದಿನ ನೀವೇ ಇರ್ತೀರಾ, ಇಲ್ಲ ಡ್ಯೂಟಿಯಲ್ಲಿರುವ ಬೇರೆಯವರಾ? ಉತ್ತರ ಕೊಡಲು ಬೇಸರಪಡುವ ಡಾಕ್ಟರ್ ಆದರೆ, ಬೇರೆಯವರನ್ನು ನೋಡುವುದೇ ಒಳ್ಳೆಯದು.

ತಜ್ಞರ ಹತ್ತಿರ ಕಳಿಸಿಕೊಟ್ಟ ಹಾಗೆಯೇ, ಹೆರಿಗೆಯಾದ ಮೇಲೆ ತಾಯಿಯನ್ನು ಫ್ಯಾಮಿಲಿ ಡಾಕ್ಟರ್ ಕೈಗೆ ವಾಪಸ್ ಒಪ್ಪಿಸುವುದೂ ಇದೆ. ಇಲ್ಲೇ ಎಡವಟ್ಟು ಜಾಸ್ತಿ. ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರಿಗೆ ಹೆರಿಗೆಯಾದ ಮೇಲೆ, ಸಾಮಾನ್ಯವಾಗಿ 6ರಿಂದ 12 ವಾರದೊಳಗೆ, ಮತ್ತೆ ಶುಗರ್ ಪರೀಕ್ಷೆ ಆಗಬೇಕು. ಮುಂದೆ ಅವರಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಮಗುವಿನ ಲಸಿಕೆ ಯಾರೂ ಮರೆಯುವುದಿಲ್ಲ, ತಾಯಿಯ ಈ ಪರೀಕ್ಷೆ ಮಾತ್ರ ಎಷ್ಟೋ ಸಲ ಹಾಗೇ ಉಳಿದುಹೋಗುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಇದನ್ನು ಬರೆಸಿಕೊಳ್ಳಿ. ಮಗುವನ್ನು ತೋರಿಸಲು ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದಾಗ ಆ ಚೀಟಿಯನ್ನೂ ಅವರ ಕೈಗೆ ಕೊಡಿ.

ನಮಸ್ಕಾರ.