ಮಳೆಕಾಡಿನಲ್ಲಿ ಒಂದೇ ಜಾತಿಯ ಮರ ಏಕೆ ಗೆಲ್ಲುವುದಿಲ್ಲ?

[ದೃಶ್ಯ: ಗಾಟೂನ್ ಸರೋವರದ ನಡುವೆ ದಟ್ಟ ಹಸಿರಿನ ದ್ವೀಪ]

ನಿರೂಪಣೆ: ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಕಣಿವೆಗಳೆಲ್ಲ ಮುಳುಗಿ, ಒಂದು ಗುಡ್ಡದ ಮೇಲ್ಭಾಗ ದ್ವೀಪವಾಗಿ ಉಳಿಯಿತು. ಅದರ ಹೆಸರು ಬಾರೊ ಕೊಲರಾಡೊ. 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಅವರ ತಂಡ ಅಲ್ಲಿನ 50 ಹೆಕ್ಟೇರ್ ಕಾಡನ್ನು ಅಳೆದು, ಎದೆಮಟ್ಟದಲ್ಲಿ ಕನಿಷ್ಠ 1 ಸೆಂಟಿಮೀಟರ್ ವ್ಯಾಸವಿರುವ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆಯ ಬಿಲ್ಲೆ ಹಾಕಿ, ಜಾತಿಯನ್ನು ಗುರುತಿಸಿತು. ಎಣಿಕೆಗೆ ಸಿಕ್ಕಿದ್ದು 2 ಲಕ್ಷಕ್ಕೂ ಹೆಚ್ಚು ಗಿಡಮರಗಳು, ಸುಮಾರು 300 ಜಾತಿಗಳು. ಬೋರ್ನಿಯೊ ದ್ವೀಪದ ಲಂಬೀರ್‌ನಲ್ಲಿ ಇದೇ ಕ್ರಮದಲ್ಲಿ 52 ಹೆಕ್ಟೇರ್ ಎಣಿಸಿದಾಗ 1,100ಕ್ಕೂ ಹೆಚ್ಚು ಜಾತಿಗಳು ದೊರೆತವು.

[ದೃಶ್ಯ: ಮುದುಮಲೆಯ ಒಣ ಕಾಡು]

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆಯ ಎಲೆ ಉದುರುವ ಕಾಡಿನಲ್ಲಿ ಗುರುತಿಸಿದ 50 ಹೆಕ್ಟೇರ್‌ಗಳಲ್ಲಿ ಸಿಕ್ಕಿದ್ದು ಸುಮಾರು 70 ಜಾತಿಗಳು. ಅಲ್ಲಿ ಬೇಸಿಗೆಯ ಒಣಹವೆ ಮತ್ತು ಕಾಳ್ಗಿಚ್ಚುಗಳೇ ಅನೇಕ ಜಾತಿಗಳನ್ನು ತಡೆಯುತ್ತವೆ. ಮಳೆಕಾಡಿನ ಒಗಟು ಬೇರೆ ಬಗೆಯದು. ಎಲ್ಲ ಮರಗಳಿಗೂ ಬೇಕಾದದ್ದು ಅದೇ ಬಿಸಿಲು, ಅದೇ ನೀರು, ಅದೇ ಲವಣಗಳು. ಹೀಗಿರುವಾಗ ಎಲ್ಲಕ್ಕಿಂತ ಚುರುಕಾಗಿ ಬೆಳೆಯುವ ಒಂದೆರಡು ಜಾತಿಗಳು ಉಳಿದವನ್ನು ಒತ್ತರಿಸಿ ಇಡೀ ಕಾಡನ್ನು ಆಕ್ರಮಿಸಬೇಕಿತ್ತಲ್ಲವೇ?

[ದೃಶ್ಯ: ತಾಯಿಮರದ ಬುಡದಲ್ಲಿ ಒತ್ತೊತ್ತಾಗಿ ಮೊಳೆತ ಸಸಿಗಳು]

ಮಧ್ಯ ಅಮೆರಿಕದ ಕಾಡುಗಳನ್ನು ಬಲ್ಲ ಡೇನಿಯಲ್ ಜಾನ್ಜೆನ್ 1970ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅಧ್ಯಯನ ನಡೆಸಿದ್ದ ಜೋಸೆಫ್ ಕಾನೆಲ್ 1971ರಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ಉತ್ತರವನ್ನು ಮುಂದಿಟ್ಟರು. ಹೆಚ್ಚಿನ ಬೀಜಗಳು ತಾಯಿಮರದ ಬುಡದಲ್ಲೇ ಬೀಳುತ್ತವೆ. ಆ ಜಾತಿಯನ್ನೇ ತಿಂದು ಬದುಕುವ ಕೀಟಗಳೂ ಅದಕ್ಕೇ ತಗಲುವ ಶಿಲೀಂಧ್ರಗಳೂ ಆ ಮಣ್ಣಿನಲ್ಲಿ, ಆ ರೆಂಬೆಗಳಲ್ಲಿ ಮೊದಲೇ ನೆಲೆಸಿರುತ್ತವೆ. ಹೀಗಾಗಿ ಸ್ವಂತ ಮರಿಗಳಿಗೆ ಅತ್ಯಂತ ಅಪಾಯದ ಜಾಗ ತಾಯಿಯ ನೆರಳೇ ಆಗುತ್ತದೆ, ಆದರೆ ಬೇರೆ ಜಾತಿಯ ಸಸಿಗೆ ಅಲ್ಲಿ ಅಷ್ಟು ಭಯವಿಲ್ಲ. ಸಂಖ್ಯೆಯಲ್ಲಿ ಹೆಚ್ಚಿದ ಜಾತಿಗೆ ಶತ್ರುಗಳೂ ಹೆಚ್ಚುವುದರಿಂದ ಅಪರೂಪದ ಜಾತಿಗೆ ಉಳಿಯುವ ಅವಕಾಶ ಸಿಗುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ತರ್ಕ ಬೇಗ ಅರ್ಥವಾದೀತು, ಏಕೆಂದರೆ ಒಂದೇ ಬೆಳೆ ಸಾಲುಸಾಲಾಗಿ ನಿಂತ ತೋಟದಲ್ಲಿ ಕೊಳೆರೋಗ ಮಳೆಗಾಲದಲ್ಲಿ ಎಷ್ಟು ವೇಗವಾಗಿ ಹಬ್ಬುತ್ತದೆಂಬುದನ್ನು ಅವರು ಕಂಡಿದ್ದಾರೆ.

ಈ ವಾದಕ್ಕೆ ನೇರ ಪರೀಕ್ಷೆಯೂ ನಡೆದಿದೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಸಂಶೋಧಕರು ಕೆಲವು ಚೌಕಗಳಿಗೆ ಶಿಲೀಂಧ್ರನಾಶಕವನ್ನೂ ಕೆಲವಕ್ಕೆ ಕೀಟನಾಶಕವನ್ನೂ ಸಿಂಪಡಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಶಿಲೀಂಧ್ರಗಳನ್ನು ತಡೆದ ಚೌಕಗಳಲ್ಲಿ ಸಸಿಗಳ ಜಾತಿವೈವಿಧ್ಯ ಕುಗ್ಗಿತು. ಕೀಟಗಳನ್ನು ತಡೆದಲ್ಲಿ ಯಾವ ಜಾತಿ ಎಷ್ಟು ಎಂಬ ಪ್ರಮಾಣವೇ ಬದಲಾಯಿತು. ನಾವು ರೋಗವೆಂದು ಹೀಗಳೆಯುವ ಸೂಕ್ಷ್ಮಜೀವಿಗಳು ಕಾಡಿನ ಸಮೃದ್ಧಿಯನ್ನು ಕಾಯುತ್ತಿವೆ ಎಂಬುದು ನನಗೆ ಈ ವಿಜ್ಞಾನದ ಅತ್ಯಂತ ಸುಂದರ ಸಂಗತಿಯಾಗಿ ಕಾಣುತ್ತದೆ.

[ದೃಶ್ಯ: ಬೀಜವನ್ನು ಹೂಳುತ್ತಿರುವ ಅಗೌಟಿ]

ಹಾಗಾದರೆ ಬೀಜ ತಾಯಿಯಿಂದ ದೂರ ಸಾಗಬೇಕು. ಬಾರೊ ಕೊಲರಾಡೊದಲ್ಲಿ ಅಗೌಟಿ ಎಂಬ ದಂಶಕ ಒಂದು ಜಾತಿಯ ತಾಳೆಬೀಜಗಳನ್ನು ಹೂತಿಡುತ್ತದೆ, ಇನ್ನೊಂದು ಅಗೌಟಿ ಕದ್ದು ಬೇರೆಡೆ ಹೂಳುತ್ತದೆ. ಸಂಶೋಧಕರು ಹಿಂಬಾಲಿಸಿದ ಒಂದು ಬೀಜ 36 ಸಲ ಹೂತಿಡಲ್ಪಟ್ಟು, ಕೊನೆಗೆ ಹೊರಟ ಜಾಗದಿಂದ 280 ಮೀಟರ್ ದೂರ ತಲುಪಿತ್ತು. ಇಂತಹ ಪ್ರಾಣಿಗಳು ಬೇಟೆಗೆ ಬಲಿಯಾದರೆ ಬೀಜಗಳು ಶತ್ರುಗಳ ನಡುವೆಯೇ ಉಳಿಯುತ್ತವೆ.

[ದೃಶ್ಯ: ಕೊಡಗಿನ ಉಪ್ಪಂಗಳದ ನಿತ್ಯಹರಿದ್ವರ್ಣ ಕಾಡು]

ಆದರೆ ಈ ಒಂದೇ ವಾದ ಎಲ್ಲವನ್ನೂ ವಿವರಿಸುವುದಿಲ್ಲ. ಕೊಡಗಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಅಧ್ಯಯನ ಮಾಡುತ್ತಿರುವ ಕಾಡಿನಲ್ಲಿ ನಾಲ್ಕು ಜಾತಿಗಳು ಎದ್ದು ಕಾಣುವಂತೆ ಪ್ರಧಾನವಾಗಿವೆ ಮತ್ತು ಅವುಗಳಲ್ಲಿ ಸಾಲುಧೂಪವೂ ಒಂದು. ಸಾಲುಧೂಪದ ಬೀಜ ದಪ್ಪ, ಭಾರ. ಅದು ಬುಡದಲ್ಲೇ ಬಿದ್ದು, ಅಲ್ಲೇ ಗುಂಪಾಗಿ ಮೊಳೆಯುತ್ತದೆ. ಇದರ ಕುಟುಂಬದ ಮರಗಳ ಬೇರಿಗೆ ಹೊದಿಕೆಯಂತೆ ಸುತ್ತಿಕೊಳ್ಳುವ ಮತ್ತೊಂದು ಬಗೆಯ ಶಿಲೀಂಧ್ರಗಳಿದ್ದು, ಅವು ಪೋಷಣೆಯ ಜೊತೆಗೆ ರೋಗದಿಂದ ರಕ್ಷಣೆಯನ್ನೂ ಕೊಡುತ್ತವೆ ಎಂದು ಸಂಶೋಧಕರು ಭಾವಿಸುತ್ತಾರೆ. ಈ ವಿವರಣೆ ಉಪ್ಪಂಗಳಕ್ಕೆ ಒಪ್ಪುವಂತಿದೆ. ಆದರೆ ಲಂಬೀರ್‌ನಲ್ಲೂ ಇದೇ ಕುಟುಂಬದ ಮರಗಳೇ ಪ್ರಧಾನವಾಗಿದ್ದು, ಅವುಗಳ ನಡುವೆಯೇ ಆ 1,100 ಜಾತಿಗಳು ಬಾಳುತ್ತಿರುವುದರಿಂದ, ಅಲ್ಲಿನ ಮಣ್ಣಿನ ವೈವಿಧ್ಯ ಮತ್ತು ಆ ಕಾಡಿನ ದೀರ್ಘ ಇತಿಹಾಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.