ಡ್ರ್ಯಾಗನ್ ಎತ್ತಿದ ಮುಂಗಾಲು

ಕೇಳುಗರಿಗೆ ನಮಸ್ಕಾರ. ಮೇಲರ್ಧ ಬಿಳಿ, ಕೆಳಗರ್ಧ ಹಸಿರು, ಎರಡನ್ನೂ ಆವರಿಸಿ ನಿಂತ ಕೆಂಪು ಡ್ರ್ಯಾಗನ್: ಇದು ವೇಲ್ಸ್ ನಾಡಿನ ಬಾವುಟ. ಬಿಳಿಯ ಡ್ರ್ಯಾಗನ್ನಿನೊಡನೆ ಕೆಂಪು ಡ್ರ್ಯಾಗನ್ ಸೆಣಸಿದ ಕಥೆ 9ನೆಯ ಶತಮಾನದ ಲ್ಯಾಟಿನ್ ಬರಹದಲ್ಲಿಯೇ ಸಿಗುತ್ತದೆ. 1485ರ ಬಾಸ್ವರ್ತ್ ಕದನದಲ್ಲಿ ಗೆದ್ದು ಇಂಗ್ಲೆಂಡಿನ ದೊರೆಯಾದ ಹೆನ್ರಿ ಟ್ಯೂಡರನ ನಿಶಾನೆಯ ಮೇಲೂ ಅದೇ ಪ್ರಾಣಿ ಇತ್ತು. ಬಿಳಿ ಮತ್ತು ಹಸಿರು ಟ್ಯೂಡರ್ ಮನೆತನದ ಬಣ್ಣಗಳು. ಇಂದಿನ ಬಾವುಟಕ್ಕೆ ಅಧಿಕೃತ ಮನ್ನಣೆ ದೊರೆತದ್ದು 1959ರಲ್ಲಿ.

ಗಾಳಿಗೆ ಹಾರುವ ಬಟ್ಟೆಯ ಮೇಲೆ ಡ್ರ್ಯಾಗನ್ನಿಗೆ ಬೇಕಾದಷ್ಟು ಜಾಗವಿದೆ. ರೆಕ್ಕೆಯ ಏಣುಗಳು, ಮೈಮೇಲಿನ ಹುರುಪೆಗಳು, ಬಾಣದ ಮೊನೆಯಂತಹ ನಾಲಗೆ, ಅದೇ ಆಕಾರದ ಬಾಲದ ತುದಿ ಎಲ್ಲವೂ ದೂರದಿಂದಲೇ ಕಾಣುತ್ತವೆ. ಅದನ್ನೇ ಸಂದೇಶಗಳಲ್ಲಿ ಬಳಸುವ ಪುಟ್ಟ ಚಿತ್ರವಾಗಿ, ಅಂದರೆ ಎಮೋಜಿಯಾಗಿ, ಮೊಬೈಲ್ ಪರದೆಯ ಮೇಲೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾಗಿ ಕುಗ್ಗಿಸಿದರೆ ಹುರುಪೆಗಳು ಕಲೆಸಿಹೋಗಿ, ನಾಲಗೆ ಅಳಿಸಿ, ಪ್ರಾಣಿಯೇ ಒಂದು ಕೆಂಪು ಮಚ್ಚೆಯಾಗಿಬಿಡುತ್ತದೆ. ಆದ್ದರಿಂದ ಈ ಪುಟ್ಟ ಚಿತ್ರವನ್ನು ಹೊಸದಾಗಿ ಬರೆಯುವವನು ಮೊದಲು ನಿರ್ಧರಿಸಬೇಕಾದದ್ದು ಏನನ್ನು ಬಿಡಬಾರದು ಎಂಬುದನ್ನು. ನನ್ನ ಮಟ್ಟಿಗೆ ಅದು ಎತ್ತಿ ಹಿಡಿದ ಮುಂಗಾಲು. ಹುರುಪೆ ಹೋದರೂ ಡ್ರ್ಯಾಗನ್ ಉಳಿಯುತ್ತದೆ. ಆ ಕಾಲು ನೆಲಕ್ಕೆ ತಾಗಿತೆಂದರೆ ಅದು ವೇಲ್ಸಿನದಲ್ಲ. ವೇಲ್ಸಿನ ಫುಟ್‌ಬಾಲ್ ಸಂಸ್ಥೆಯೂ 2019ರಲ್ಲಿ ತನ್ನ ಲಾಂಛನವನ್ನು ಸರಳಗೊಳಿಸಿದಾಗ ಧ್ಯೇಯವಾಕ್ಯವನ್ನು ಕೈಬಿಟ್ಟಿತು, ಡ್ರ್ಯಾಗನ್ನನ್ನು ಉಳಿಸಿಕೊಂಡಿತು.

ಚಿತ್ರಕ್ಕಿಂತ ತೊಡಕಾದದ್ದು ಕಂಪ್ಯೂಟರು ಅದನ್ನು ಗುರುತಿಸುವ ಸಂಕೇತ. ದೇಶಗಳ ಬಾವುಟದ ಎಮೋಜಿಗಳು ಎರಡಕ್ಷರದ ದೇಶಸಂಕೇತದಿಂದ ಮೂಡುತ್ತವೆ. ವೇಲ್ಸಿಗೆ ಅಂತಹ ಸ್ವಂತ ಸಂಕೇತವಿಲ್ಲ, ಅದು ಸೇರಿರುವ ಬ್ರಿಟನ್ನಿಗೆ ಮಾತ್ರ ಇದೆ. ಎಮೋಜಿಗಳ ಮಾಹಿತಿ ಕೊಡುವ ಜಾಲತಾಣ ಎಮೋಜಿಪೀಡಿಯಾದ ಜೆರೆಮಿ ಬರ್ಜ್ ಮತ್ತು ಬಿಬಿಸಿ ವೇಲ್ಸಿನ ಓವೆನ್ ವಿಲಿಯಮ್ಸ್ ಅಕ್ಷರ, ಎಮೋಜಿಗಳಿಗೆ ಕಂಪ್ಯೂಟರ್ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ಒಕ್ಕೂಟದ ಮುಂದೆ ಮನವಿಯಿಟ್ಟರು. 2017ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಬಾವುಟಗಳೊಂದಿಗೆ ವೇಲ್ಸಿನದೂ ಸೇರಿತು. ನಮ್ಮ 'ಕ್ಷ' ಒಂದೇ ಅಕ್ಷರವಾಗಿ ಕಂಡರೂ ಕಂಪ್ಯೂಟರಿಗೆ ಅದು ಕಕಾರ, ಹಲಂತ, ಷಕಾರ ಎಂಬ ಮೂರು ಸಂಕೇತಗಳು. ಹಾಗೆಯೇ ಈ ಪುಟ್ಟ ಬಾವುಟದೊಳಗೆ ಏಳು ಸಂಕೇತಗಳಿವೆ: ಮೊದಲಿಗೊಂದು ಕಪ್ಪು ಬಾವುಟ, ಅದರ ಹಿಂದೆ ಬ್ರಿಟನ್ನಿನ ವೇಲ್ಸ್ ಎಂದು ಸೂಚಿಸುವ, ಕಣ್ಣಿಗೆ ಕಾಣದ ಜಿ, ಬಿ, ಡಬ್ಲ್ಯು, ಎಲ್, ಎಸ್ ಎಂಬ ಐದು ಅಕ್ಷರಗಳು, ಕೊನೆಗೆ ಮುಕ್ತಾಯದ ಗುರುತು.

ಈ ಕೂಡಿಕೆಯನ್ನು ಅರಿಯದ ಯಂತ್ರ ಬರಿಯ ಕಪ್ಪು ಬಾವುಟವನ್ನು ತೋರಿಸಿ ಸುಮ್ಮನಾಗುತ್ತದೆ. ಆದರೆ ಉಳಿದ ಆರು ಸಂಕೇತಗಳು ಸಂದೇಶದಲ್ಲಿ ಹಾಗೆಯೇ ಇರುತ್ತವೆ. ಅದೇ ಸಂದೇಶವನ್ನು ಅರಿತ ಯಂತ್ರದಲ್ಲಿ ತೆರೆದಾಗ ಕೆಂಪು ಡ್ರ್ಯಾಗನ್ ಮುಂಗಾಲೆತ್ತಿ ನಿಂತಿರುತ್ತದೆ.