ಕಪ್ ಎತ್ತಿದ ಮೇಲೆ ಮತ್ತೆ ಆಟ

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಸಾಲಿನಲ್ಲಿ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಕೂತಿರುವ ಮಕ್ಕಳೇ, ಎಲ್ಲರಿಗೂ ಸಂಕ್ರಾಂತಿಯ ಶುಭಾಶಯಗಳು.

ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನಾವಿರುವ ಈ ನೆಲದ ಬಗ್ಗೆ ಏನಾದರೂ ಮಾತಾಡಿ ಅಂದರು. ಮಿನಿಸೋಟ ಅಂದರೆ ಕೆರೆಗಳ ನಾಡು, ಕೆರೆಯ ಬಗ್ಗೆ ಮಾತಾಡುತ್ತೇನೆ ಅಂದುಕೊಂಡಿದ್ದೆ. ಆದರೆ ಹೋದ ತಿಂಗಳು ಮಗಳ ಹಾಕಿ ಪಂದ್ಯದಲ್ಲಿ ಒಂದು ಮಾತು ಕಿವಿಗೆ ಬಿತ್ತು. ರೆಫರಿ ಒಂದು ಗೋಲನ್ನು ವಾಪಸ್ ತೆಗೆದುಕೊಂಡಾಗ ನನ್ನ ಪಕ್ಕದಲ್ಲಿದ್ದವರು, "ಕೊಟ್ಟಮೇಲೆ ಕೊಟ್ಟ ಹಾಗೆ, ಮಕ್ಕಳ ಮನಸ್ಸು ನೋಯಿಸಬಾರದು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾಗಿ ಇವತ್ತು ಕೆರೆ ಬೇಡ. ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಆಡುವ ಆಟದ ಮಾತು. ಅದರಲ್ಲೂ ಕಾಲೇಜು ಐಸ್ ಹಾಕಿಯ ಕಾನ್ಫರೆನ್ಸ್ ಟೂರ್ನಿಯ ಮಾತು. ಕಾನ್ಫರೆನ್ಸ್ ಅಂದರೆ ಒಟ್ಟಾಗಿ ಆಡುವ ಕಾಲೇಜುಗಳ ಒಂದು ಗುಂಪು.

ಆಟ ನಿಮಗೆ ಗೊತ್ತು. ನಿಮ್ಮಲ್ಲಿ ಅರ್ಧ ಜನ ಬೆಳಗಿನ ಜಾವ ಐದು ಗಂಟೆಗೆ ಎದ್ದು ಮಕ್ಕಳನ್ನು ರಿಂಕ್‌ಗೆ ಬಿಡುವವರೇ. 2013ಕ್ಕೆ ಮುಂಚೆ ಸೇಂಟ್ ಪಾಲ್‌ನ ಎಕ್ಸೆಲ್ ಎನರ್ಜಿ ಸೆಂಟರ್‌ಗೆ ಡಬ್ಲ್ಯುಸಿಎಚ್‌ಎ ಅನ್ನುವ ಕಾನ್ಫರೆನ್ಸ್‌ನ ಕೊನೆಯ ಹಂತದ ಟೂರ್ನಿ ಫೈನಲ್ ಫೈವ್ ನೋಡಲು ಹೋಗುತ್ತಿದ್ದವರೂ ಇಲ್ಲಿದ್ದಾರೆ. ಹಳೆಯ ಡಬ್ಲ್ಯುಸಿಎಚ್‌ಎ ಒಡೆದಾಗ ಬೇಜಾರು ಮಾಡಿಕೊಂಡಿದ್ದೂ ನೆನಪಿದೆ. ಗೋಫರ್ಸ್, ಅಂದರೆ ಮಿನಿಸೋಟ ವಿಶ್ವವಿದ್ಯಾಲಯದ ತಂಡ, ಬಿಗ್ ಟೆನ್ ಕಾನ್ಫರೆನ್ಸ್‌ಗೆ ಹೋದರು. ಇನ್ನು ಕೆಲವರು ಸೇರಿ ಇನ್ನೊಂದು ಕಾನ್ಫರೆನ್ಸ್, ಎನ್‌ಸಿಎಚ್‌ಸಿ ಕಟ್ಟಿಕೊಂಡರು. ಸಣ್ಣ ಊರಿನ ಕಾಲೇಜುಗಳು ಹಿಂದೆ ಉಳಿದವು. ಹಾಗೆ ಉಳಿದವರಲ್ಲಿ ಬೆಮಿಡ್ಜಿ ಸ್ಟೇಟ್, ಮ್ಯಾಂಕೇಟೊದ ಮಿನಿಸೋಟ ಸ್ಟೇಟ್ ಇದ್ದವು. ಇವರೆಲ್ಲ ಸೇರಿ ಹಳೆಯ ಸಿಸಿಎಚ್‌ಎ ಹೆಸರನ್ನು ಮತ್ತೆ ಎಬ್ಬಿಸಿದರು. ಆಗ ಎಂಟು ತಂಡಗಳಿದ್ದ ಈ ಹೊಸ ಕಾನ್ಫರೆನ್ಸ್‌ನ ಮೊದಲ ಸೀಸನ್ 2021-22.

ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಸೀಸನ್ನಿನ ಕೊನೆಗೆ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಎನ್‌ಸಿಎಎ ಟೂರ್ನಿಗೆ ದೇಶದಿಂದ 16 ಗಂಡಸರ ತಂಡ ಹೋಗುತ್ತವೆ. ಕಾನ್ಫರೆನ್ಸ್‌ಗಳು ಆರು. ಆರೂ ಕಾನ್ಫರೆನ್ಸ್ ಟೂರ್ನಿಗಳಲ್ಲಿ ಗೆದ್ದವರು ನೇರ ಒಳಗೆ. ಉಳಿದ ಹತ್ತು ಜಾಗ ವರ್ಷದ ಆಟದ ರ‍್ಯಾಂಕಿಂಗ್ ಲೆಕ್ಕದಲ್ಲಿ ಮೇಲಿರುವವರಿಗೆ. ಅಂದರೆ ಎರಡು ಬಾಗಿಲು. ವರ್ಷವಿಡೀ ಚೆನ್ನಾಗಿ ಆಡಿದವರಿಗೆ ದೊಡ್ಡ ಬಾಗಿಲು ತೆರೆದೇ ಇರುತ್ತದೆ. ಏಳುತ್ತಾ ಬೀಳುತ್ತಾ ಬಂದವರಿಗೆ ಮಾರ್ಚ್‌ನಲ್ಲಿ ಒಂದು ಕಿರುಬಾಗಿಲು. ಆ ಕಿರುಬಾಗಿಲೇ ಕಾನ್ಫರೆನ್ಸ್ ಟೂರ್ನಿ.

ಕಿರುಬಾಗಿಲಿನಿಂದ ಬಂದವರು ಏನು ಮಾಡುತ್ತಾರೆ ಅಂತ ಕೇಳಬೇಡಿ. 2006ರಲ್ಲಿ ಹೋಲಿ ಕ್ರಾಸ್ ಅನ್ನುವ ತಂಡ ಹೀಗೇ ಬಂತು. ಮೊದಲ ಪಂದ್ಯದಲ್ಲೇ ಓವರ್‌ಟೈಮ್‌ನಲ್ಲಿ 4-3ರಿಂದ ಸೋಲಿಸಿತು. ಯಾರನ್ನು? ನಮ್ಮ ಗೋಫರ್ಸ್ ತಂಡವನ್ನೇ! ಹಿಂದಿನ ಸಾಲಿನವರ ಮುಖ ನೋಡಿದರೆ ಇನ್ನೂ ನೋವು ಹೋಗಿಲ್ಲ ಅನ್ನಿಸುತ್ತೆ. 2009ರಲ್ಲಿ ಬೆಮಿಡ್ಜಿ ಆಗ ನಾಲ್ಕೇ ತಂಡಗಳಿದ್ದ ಪುಟ್ಟ ಕಾನ್ಫರೆನ್ಸ್‌ನ ಟೂರ್ನಿ ಗೆದ್ದು, ಹದಿನಾರರಲ್ಲಿ ಹದಿನಾರನೆಯ ತಂಡವಾಗಿ ಬಂತು. ನೋಟರ್ ಡೇಮ್ ತಂಡವನ್ನು 5-1ರಿಂದ, ಕಾರ್ನೆಲ್ ತಂಡವನ್ನು 4-1ರಿಂದ ಸೋಲಿಸಿ ದೇಶದ ಕೊನೆಯ ನಾಲ್ಕರಲ್ಲಿ ನಿಂತಿತು. ಕಡೆಯ ಜಾಗದಲ್ಲಿದ್ದ ತಂಡ ಅಷ್ಟು ದೂರ ಹೋದದ್ದು ಅದೇ ಮೊದಲು.

ಈಗ 2022ರ ಮಾರ್ಚ್ 19ಕ್ಕೆ ಬರುತ್ತೇನೆ. ಶನಿವಾರ. ಯುಗಾದಿಗೆ ಇನ್ನು ಎರಡು ವಾರ ಇತ್ತು. ನಮ್ಮ ಮನೆಯಲ್ಲಿ ಮಕ್ಕಳ ನಾಟಕದ ತಾಲೀಮು ಮುಗಿದು, ಉಪ್ಪಿಟ್ಟು ತಿಂದು, ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ನಮ್ಮ ಭಾವ ಬೆಂಗಳೂರಿನಿಂದ ಬಂದಿದ್ದರು. ಹಾಕಿ ಅಂದರೆ ಹುಲ್ಲಿನ ಮೇಲೆ ಆಡುವುದಷ್ಟೇ ಅವರಿಗೆ ಗೊತ್ತಿದ್ದದ್ದು. ಪಕ್, ಅಂದರೆ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ, ಎಲ್ಲಿ ಹೋಯಿತು ಅಂತ ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು.

ಮ್ಯಾಂಕೇಟೊದಲ್ಲಿ ಫೈನಲ್. ಮಿನಿಸೋಟ ಸ್ಟೇಟ್ ಎದುರು ಬೆಮಿಡ್ಜಿ ಸ್ಟೇಟ್. ಗೆದ್ದವರಿಗೆ ಮೇಸನ್ ಕಪ್. ಮ್ಯಾಂಕೇಟೊ ತಂಡ ಆ ವರ್ಷ ದೇಶದಲ್ಲೇ ಮುಂಚೂಣಿಯಲ್ಲಿತ್ತು. ಸೋತರೂ ದೊಡ್ಡ ಬಾಗಿಲು ಅವರಿಗೆ ತೆರೆದಿತ್ತು. ಬೆಮಿಡ್ಜಿಗೆ ಕಿರುಬಾಗಿಲೊಂದೇ. ಗೆದ್ದರೆ ಎನ್‌ಸಿಎಎ, ಸೋತರೆ ಬಸ್ಸು ಹತ್ತಿ ಸುಮಾರು ಐದು ಗಂಟೆ ಉತ್ತರಕ್ಕೆ. ಕೊನೆಯ ವರ್ಷದ ಹುಡುಗರಿಗೆ ಅಲ್ಲಿಗೆ ಕಾಲೇಜು ಆಟವೇ ಮುಗಿದ ಹಾಗೆ.

ಮ್ಯಾಂಕೇಟೊದ ಗೋಲಿ, ಅಂದರೆ ಗೋಲ್‌ಕೀಪರ್, ಡ್ರೈಡನ್ ಮೆಕೇ. ಅಪ್ಪ ಅಮ್ಮ ಇಟ್ಟ ಹೆಸರು ನೋಡಿ! ಕಾರ್ನೆಲ್‌ನಲ್ಲಿ ಆಡಿ ಬೆಳೆದ ದೊಡ್ಡ ಗೋಲಿ ಕೆನ್ ಡ್ರೈಡನ್ ಅವರ ಹೆಸರು. ನಮ್ಮಲ್ಲಿ ಮಗುವಿಗೆ ತಾತನ ಹೆಸರು ಇಟ್ಟ ಹಾಗೆ. ಈ ಹುಡುಗ ಆ ಹೆಸರು ಉಳಿಸಿದ. ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಆ ವರ್ಷ ಅವನಿಗೇ ಬಂತು.

ಅರವತ್ತು ನಿಮಿಷ ಆದಾಗ 1-1. ಓವರ್‌ಟೈಮ್. ಮೊದಲು ಗೋಲು ಹೊಡೆದವರು ಗೆದ್ದರು, ಅಷ್ಟೇ. ಸುಮಾರು ಮೂರು ನಿಮಿಷ ಆಗಿತ್ತು. ಜಾಶ್ ಗ್ರೋಲ್ ಹೊಡೆದ. ಪಕ್ ಬಲೆಯೊಳಗೆ ಕಂಡಿತು. ಮ್ಯಾಂಕೇಟೊ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಬೆಮಿಡ್ಜಿ ಹುಡುಗರು ತಲೆ ತಗ್ಗಿಸಿ ಕೈ ಕುಲುಕಿ ಒಳಗೆ ಹೋದರು. ಕಪ್ ಕೊಟ್ಟರು. ಎತ್ತಿದರು. ಫೋಟೋ ತೆಗೆಸಿಕೊಂಡರು. ಜನ ಎದ್ದು ಹೊರಟರು. ನಾವೂ ಟೀವಿ ಆರಿಸಿ ಪಾತ್ರೆ ತೊಳೆಯಲು ಹೋದೆವು.

ಆಮೇಲೆ ವಿಡಿಯೊ ನೋಡಿದವರಿಗೆ ಬೇರೆಯೇ ಕಂಡಿತು. ಗೋಲಿನ ಚೌಕಟ್ಟು ಮಂಜುಗಡ್ಡೆಯಿಂದ ಸ್ವಲ್ಪ ಎದ್ದಿತ್ತು. ಪಕ್ ಮುಂದಿನಿಂದ ಹೋಗಿರಲಿಲ್ಲ, ಪಕ್ಕದಿಂದ ಅಡಿಗೆ ತೂರಿ ಒಳಗೆ ಹೋಗಿತ್ತು. ಅದು ಗೋಲೇ ಅಲ್ಲ.

ಮಗಳು ಫೋನ್ ಹಿಡಿದುಕೊಂಡು ಅಡುಗೆ ಮನೆಗೆ ಓಡಿ ಬಂದಳು. "ಅಮ್ಮಾ, ಮತ್ತೆ ಆಡ್ತಾರಂತೆ!" ಭಾವ ನಂಬಲೇ ಇಲ್ಲ. "ಕಪ್ ಕೊಟ್ಟಾಯ್ತು, ಫೋಟೋ ಆಯ್ತು, ಇನ್ನೆಂಥ ಆಟ? ಮದುವೆ ಮುಗಿದು ಊಟ ಆದಮೇಲೆ ಮತ್ತೆ ತಾಳಿ ಕಟ್ಟಿ ಅಂದಹಾಗಾಯ್ತು" ಅಂದರು. ನಾವೆಲ್ಲ ನಕ್ಕೆವು. ಆದರೆ ನಿಜವಾಗಿಯೂ ಆಡಿದರು. ಒಂದು ಗಂಟೆಗೂ ಜಾಸ್ತಿ ಹೊತ್ತು ಆದಮೇಲೆ ಎರಡೂ ತಂಡಗಳು ಮತ್ತೆ ಸ್ಕೇಟ್ಸ್ ಕಟ್ಟಿಕೊಂಡು ಅದೇ ಮಂಜುಗಡ್ಡೆಯ ಮೇಲೆ ಬಂದವು. ಗಡಿಯಾರ ಹಿಂದಕ್ಕೆ ತಿರುಗಿಸಿ, ಗೋಲು ಆಗಿಲ್ಲ ಅಂತ ಇಟ್ಟು, ಆಟ ಮುಂದುವರಿಸಿದರು.

ಮಕ್ಕಳೇ, ನಿಮಗೆ ಇದು ಗೊತ್ತು. ಆಡಿ ಬೆವರು ಆರಿದ ಮೇಲೆ ಮತ್ತೆ ಸ್ಕೇಟ್ಸ್ ಬಿಗಿಯುವುದು ಎಷ್ಟು ಕಷ್ಟ. ಅದೂ ಒಮ್ಮೆ ಅತ್ತು ಆದಮೇಲೆ. ಅದೂ ಒಮ್ಮೆ ಕಪ್ ಎತ್ತಿ ಆದಮೇಲೆ.

ಮ್ಯಾಂಕೇಟೊದವರೇ ಮತ್ತೆ ಗೆದ್ದರು. ಈ ಸಲ ಜ್ಯಾಕ್ ಮೆಕ್‌ನೀಲಿ ಹೊಡೆದ. 2-1. ಭಾವ ತಕ್ಷಣ, "ನೋಡು, ಅದೇ ಆಯ್ತಲ್ಲ. ಸುಮ್ನೆ ಆ ಹುಡುಗರನ್ನ ಎರಡು ಸಲ ಸೋಲಿಸಿದರು" ಅಂದರು.

ಅಲ್ಲ ಭಾವ. ಆವತ್ತೂ ಅಲ್ಲ ಅಂದೆ, ಇವತ್ತೂ ಅಲ್ಲ ಅನ್ನುತ್ತೇನೆ. ಯಾಕೆ ಅಂತ ಹೇಳಲು ನನ್ನದೊಂದು ಕಥೆ ಹೇಳಬೇಕು. ಐದೇ ನಿಮಿಷ, ಕಾರ್ಯದರ್ಶಿಗಳು ಕ್ಷಮಿಸಬೇಕು.

ಊರಲ್ಲಿ ಡಿಗ್ರಿ ಓದುವಾಗ ನಾನು ಖೋ ಖೋ ಆಡುತ್ತಿದ್ದೆ. ಅಂತರ ಕಾಲೇಜು ಫೈನಲ್. ನಮ್ಮದು ಸಣ್ಣ ತಾಲ್ಲೂಕಿನ ಕಾಲೇಜು. ಗೆದ್ದರೆ ಮೊದಲ ಸಲ ವಿಶ್ವವಿದ್ಯಾಲಯ ಮಟ್ಟಕ್ಕೆ ಹೋಗುತ್ತಿದ್ದೆವು. ಕೊನೆಯ ಸರದಿ. ಓಡುವವರಲ್ಲಿ ಉಳಿದವಳು ನಾನೊಬ್ಬಳೇ. ಬೆನ್ನಟ್ಟಿದ ಹುಡುಗಿ ನಡುಗೆರೆ ದಾಟಿ ಬಂದು ನನ್ನ ಬೆನ್ನು ಮುಟ್ಟಿದಳು. ಗೆರೆ ದಾಟಿದರೆ ಫೌಲ್, ಅಲ್ವಾ? ಅಂಪೈರ್ ಕಂಬದ ಕಡೆ ನೋಡುತ್ತಿದ್ದರು. ಸೀಟಿ ಊದಿ ಔಟ್ ಕೊಟ್ಟರು. ಆಟ ಮುಗಿಯಿತು. ನಮ್ಮ ಮೇಡಂ ಹೋಗಿ ಕೇಳಿದರು. ಕಪ್ ಕೊಟ್ಟಾಗಿದೆ, ಇನ್ನು ಯಾಕೆ ರಗಳೆ ಅಂತ ಉತ್ತರ ಬಂತು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಆ ಹುಡುಗಿ ಬಂದಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. "ಗೆರೆ ದಾಟಿದ್ದೆ ಕಣೇ, ನಂಗೂ ಗೊತ್ತು" ಅಂದಳು. ಅವಳ ಕಣ್ಣಲ್ಲೂ ನೀರಿತ್ತು. ಅವಳಿಗೆ ಕಪ್ ಸಿಕ್ಕಿತ್ತು. ಆದರೂ ಸಿಕ್ಕಿರಲಿಲ್ಲ.

ಆಮೇಲೆ ನಾನು ಎಷ್ಟೋ ಪಂದ್ಯ ಸೋತಿದ್ದೇನೆ. ಅವು ಯಾವುವೂ ನೆನಪಿಲ್ಲ. ಇದೊಂದು ಮಾತ್ರ ಇನ್ನೂ ಮುಗಿದಿಲ್ಲ. ಬೆಮಿಡ್ಜಿಯ ಹುಡುಗರ ಆಟ ಮುಗಿಯಿತು. ಸೋತರು, ಆದರೆ ಗೋಲಲ್ಲದ ಗೋಲಿಗೆ ಸೋಲಲಿಲ್ಲ. ಎದುರಿನವನು ಸರಿಯಾಗಿ ಹೊಡೆದ ಗೋಲಿಗೆ ಸೋತರು. ಮ್ಯಾಂಕೇಟೊ ಹುಡುಗರ ಕಪ್ಪೂ ಆಗಲೇ ನಿಜವಾಗಿ ಅವರದಾಯಿತು. ಅವರು ಅಲ್ಲಿಂದ ಬಾಸ್ಟನ್ನಿನ ಎನ್‌ಸಿಎಎ ಫೈನಲ್‌ವರೆಗೂ ಹೋದರು. ಅಲ್ಲಿ ಡೆನ್ವರ್ ಎದುರು 5-1ರಿಂದ ಸೋತರು, ಅದು ಬೇರೆ ಮಾತು.

ಇನ್ನೊಂದು ಯೋಚಿಸಿ. ಸುಮ್ಮನೆ ಬಿಟ್ಟಿದ್ದರೆ ನಷ್ಟ ಯಾರಿಗಾಗುತ್ತಿತ್ತು? ಮ್ಯಾಂಕೇಟೊಗೆ ಹೇಗೂ ಜಾಗ ಇತ್ತು. ನಷ್ಟವೆಲ್ಲ ಕಿರುಬಾಗಿಲಿನ ಮುಂದೆ ನಿಂತವರಿಗೇ. ಯಾವಾಗಲೂ ಹಾಗೇ ಅಲ್ವಾ? ಅದಕ್ಕೇ ಆ ಬಾಗಿಲನ್ನು ಮುಚ್ಚುವವರು ಒಂದಲ್ಲ, ಎರಡು ಸಲ ನೋಡಿ ಮುಚ್ಚಬೇಕು. ತಡವಾದರೂ ಪರವಾಗಿಲ್ಲ, ಜನ ಹೊರಟಿದ್ದರೂ ಪರವಾಗಿಲ್ಲ.

ಚೀಟಿ ಬಂತು. ಆಯ್ತು, ಬೇಗ ಮುಗಿಸುತ್ತೇನೆ. ಹೇಳಬೇಕು ಅಂದುಕೊಂಡದ್ದು ಇನ್ನೂ ಮೂರು ಇದ್ದವು. 2013ರಲ್ಲಿ ಯೇಲ್ ತಂಡ ತನ್ನ ಕಾನ್ಫರೆನ್ಸ್ ಆದ ಇಸಿಎಸಿಯ ಟೂರ್ನಿಯ ಕೊನೆಯ ಎರಡು ಪಂದ್ಯದಲ್ಲಿ ಒಂದೂ ಗೋಲು ಹೊಡೆಯದೆ ಸೋತು, ಹೇಗೋ ಎನ್‌ಸಿಎಎಗೆ ತೂರಿಕೊಂಡು, ದೇಶದ ಚಾಂಪಿಯನ್ ಆದ ಕಥೆ ಚೆನ್ನಾಗಿದೆ, ಊಟದ ಹೊತ್ತಲ್ಲಿ ಕೇಳಿ. ಟೂರ್ನಿಗಳನ್ನು ದೊಡ್ಡ ಊರಿನ ದೊಡ್ಡ ಅರೀನಾದಲ್ಲಿ ಮಾಡಬೇಕೋ ಕಾಲೇಜಿನ ರಿಂಕ್‌ನಲ್ಲೇ ಮಾಡಬೇಕೋ ಅನ್ನುವ ಜಗಳ ಇದೆ. ಎನ್‌ಸಿಎಚ್‌ಸಿ ಕೂಡ 2025ರ ನಂತರ ಸೇಂಟ್ ಪಾಲ್ ಬಿಟ್ಟು ಕಾಲೇಜುಗಳ ರಿಂಕ್‌ಗೆ ಹೋಗಿದೆ. ನನಗೆ ಕಾಲೇಜಿನ ರಿಂಕೇ ಇಷ್ಟ. ಆ ಊರಿನ ಜನ ಅಲ್ಲಿರುತ್ತಾರೆ. ಮೂರನೆಯದು ಹೆಣ್ಣುಮಕ್ಕಳ ಟೂರ್ನಿ. ಅದನ್ನು ಒಂದು ಮಾತಿನಲ್ಲಿ ಮುಗಿಸುವುದು ತಪ್ಪು, ಆದರೂ ಹೇಳುತ್ತೇನೆ. ಅವರ ಎನ್‌ಸಿಎಎಗೆ ಎಂಟೇ ತಂಡ ಹೋಗುತ್ತಿದ್ದವು, 2022ರಿಂದ ಹನ್ನೊಂದು. ಗಂಡುಮಕ್ಕಳಿಗೆ ಹದಿನಾರು, ಇವರಿಗೆ ಹನ್ನೊಂದು. ಆ ಐದು ಬಾಗಿಲೂ ಬೇಕು.

ಮಾರ್ಚ್‌ನಲ್ಲಿ ಮಗಳನ್ನು ಕರೆದುಕೊಂಡು ನಾನು ಗೋಫರ್ಸ್ ಹೆಣ್ಣುಮಕ್ಕಳು ಆಡುವ ರಿಡರ್ ಅರೀನಾಗೆ ಹೋಗುತ್ತೇನೆ. ಕಾರಿನಲ್ಲಿ ಇನ್ನೂ ಮೂರು ಸೀಟು ಇವೆ. ಯಾರು ಬರುತ್ತೀರೋ ಊಟದ ಸಾಲಿನಲ್ಲಿ ಸಿಕ್ಕಿ. ಕೋಟು, ಟೋಪಿ ಮರೆಯಬೇಡಿ, ರಿಂಕ್ ಒಳಗೂ ಚಳಿ ಇರುತ್ತೆ. ಈಗ ಕೋಲಾಟದ ಮಕ್ಕಳು ಬರಲಿ, ಪಾಪ ಆಗಿನಿಂದ ಕಾಯ್ತಾ ಇದ್ದಾರೆ.